ಮಂಚದ ಕೆಳಗಿನ ರಬಾಬ್

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಕಾಬೂಲಿನ ರಬಾಬ್ (ಅಲ್ಲಿನ ಒಂದು ತಂತಿವಾದ್ಯ) ವಾದಕರು, ಅವರ ಹೆಂಡತಿ, ಹದಿಮೂರು ವರ್ಷದ ಮಗಳು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿಯಿತು. 1996ರಿಂದ 2001ರವರೆಗೆ ಅವರು ಆಳಿದಾಗ ಸಂಗೀತ ನಿಷೇಧ ಆಗಿತ್ತು. ಅದನ್ನು ಕಂಡವರು ಈ ಸಲ ಊರು ಬಿಟ್ಟರು. ವಾದಕರ ತಮ್ಮ ಧಾರವಾಡದಲ್ಲಿ ಓದುತ್ತಿದ್ದ, ಇಲ್ಲಿಗೇ ಬಂದರು.

ರಬಾಬ್ ಮಂಚದ ಕೆಳಗಿತ್ತು. ವಾದಕರಿಗೆ ನಿದ್ದೆ ಇಲ್ಲ. ಮಗಳು ಗುನುಗಿದರೆ ಸಿಟ್ಟು. ಹಾಗಾಗಿ ಆಪ್ತಸಲಹೆಗೆ ನನ್ನ ಬಳಿ ಬಂದರು.

ಮೊದಲ ದಿನ ಮಗಳೇ ಅಪ್ಪನ ಮಾತನ್ನು ಹಿಂದಿಗೆ ತಿರುಗಿಸಿ ಹೇಳತೊಡಗಿದಳು. ಕೂಡಲೇ ನಿಲ್ಲಿಸಿದೆ. ಅಪ್ಪನ ಸಂಕಟವನ್ನು ಮಗುವಿನ ಬಾಯಿಂದ ಹೇಳಿಸಬಾರದು. ಆಮೇಲೆ ನಾವಿಬ್ಬರೇ ತಡವರಿಸುತ್ತ ಹಿಂದಿಯಲ್ಲಿ ಮಾತಾಡಿದೆವು. ಆದರೆ ಆ ದಿನ ನಾನೂ ಒಂದು ತಪ್ಪು ಮಾಡಿದೆ. "ಇದು ಮಲ್ಲಿಕಾರ್ಜುನ ಮನ್ಸೂರರ ಊರು, ಧೈರ್ಯವಾಗಿ ನುಡಿಸಿ" ಅಂದೆ. ಅವರು ತಲೆ ತಗ್ಗಿಸಿದರು.

ಮೂರನೇ ಭೇಟಿಯಲ್ಲಿ ವಿಷಯ ಹೊರಬಿತ್ತು. ಸಂಜೆ ಪಕ್ಕದ ಮನೆಯಲ್ಲಿ ಯಮನ್ ಶುರುವಾದರೆ ಇವರು ಕಿಟಕಿ ಹಾಕುತ್ತಿದ್ದರಂತೆ. ಆ ರಾಗ ಅವರದೂ ಹೌದಲ್ವಾ! 1860ರ ದಶಕದಲ್ಲಿ ಕಾಬೂಲಿನ ದೊರೆ ಹಿಂದೂಸ್ತಾನದಿಂದ ಗವಾಯಿಗಳನ್ನು ಕರೆಸಿಕೊಂಡಿದ್ದ. ಅವರು ನೆಲೆಸಿದ ಖರಾಬಾತ್ ಓಣಿಯಲ್ಲೇ ಇವರು ಕಲಿತದ್ದು. ಗುರು ಇನ್ನೂ ಅಲ್ಲೇ ಇದ್ದಾರೆ, ವಾದ್ಯ ಬಚ್ಚಿಟ್ಟುಕೊಂಡು.

"ಅವರು ಮುಟ್ಟಲಾಗದ ತಂತಿಯನ್ನು ನಾನು ಹೇಗೆ ಮುಟ್ಟಲಿ?"

ಇದು ಅಂಜಿಕೆ ಅಲ್ಲ, ತಾನು ಪಾರಾದೆನಲ್ಲ ಎಂಬ ಅಳುಕು. ನುಡಿಸಿ ಅನ್ನುವುದನ್ನೇ ಬಿಟ್ಟೆ. ದಿನಾ ಕಾಲು ಗಂಟೆ ಶ್ರುತಿ ಮಾಡಿ, ಸಾಕು ಅಂದೆ. ರಬಾಬಿಗೆ ಚರ್ಮದ ಹೊದಿಕೆ, ಮೇಲೆ ಸಾಲು ತರಬ್ ತಂತಿಗಳು (ಮುಖ್ಯ ತಂತಿ ಮೀಟಿದಾಗ ತಾವಾಗಿ ಮಿಡಿಯುವಂಥವು). ಧಾರವಾಡದ ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗುತ್ತದೆ. ಸುಮ್ನೆ ಇಟ್ಟರೆ ಹಾಳು. ಆರೈಕೆ ಮಾಡಲು ಅವರ ಮನಸ್ಸು ಒಪ್ಪಿತು.

ಮಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗೇ ಹೇಳಿದೆ: ನಿಮ್ಮ ಗುರುವಿನ ಋಣ ಅವಳ ತಲೆ ಮೇಲೆ ಹಾಕಬೇಡಿ, ಹಾಡಲಿ ಬಿಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಇಲ್ಲಿ ಉಳಿಯಲು ಇವರಿಗೆ ವೀಸಾವೇ ಆಧಾರ, ಈ ಮನೆಯಲ್ಲಿ ಊಟಕ್ಕೆ ಕೂತರೂ ಅದರ ಮಾತೇ. ಅದನ್ನು ವಾರಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೇ ಕೂತು ಆಡಿ ಅಂದೆ. ನಿದ್ದೆಗಾಗಿ ಮನೋವೈದ್ಯರ ಬಳಿ ಕಳಿಸಿದೆ.

ಆರನೇ ಭೇಟಿಗೆ ರಬಾಬ್ ಹಿಡಿದೇ ಬಂದರು. ರೆಕಾರ್ಡ್ ಮಾಡಿ ಗುರುವಿಗೆ ಕಳಿಸಲಾ ಅಂತ ಕೇಳಿದರು. ಬೇಡ ಅಂದೆ. ಅಲ್ಲಿ ಯಾರಾದರೂ ಅವರ ಫೋನ್ ತೆರೆದು ನೋಡಿದರೆ? ಮೊದಲು ಗುರುವನ್ನೇ ಕೇಳಿ, ಅವರು ಹೂಂ ಅಂದರೆ ಕರೆಯಲ್ಲೇ ಕೇಳಿಸಿ.

ಗುರು ಹೂಂ ಅಂದರಂತೆ. ಸ್ವಲ್ಪ ಹೊತ್ತು ಕೇಳಿ, ಎರಡನೇ ತಂತಿ ಇಳಿದಿದೆ, ಏರಿಸು ಅಂದರಂತೆ.