ಓದುಗರ ಪ್ರಶ್ನೆ: ಬೀಗ ಗಟ್ಟಿಯಿದೆ, ಕೀಲಿಕೈ ಎಲ್ಲಿಟ್ಟಿದ್ದೀರಿ?

ಪ್ರಶ್ನೆ: ನನ್ನದು ಬಿ.ಎಚ್. ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ. ಗಿರಾಕಿಗಳು ಇ-ಆಧಾರ್ ಪಿಡಿಎಫ್ ಕಳಿಸಿ ಪ್ರಿಂಟ್ ಹಾಕಿಸಿಕೊಳ್ಳುತ್ತಾರೆ. ಪಾಸ್‌ವರ್ಡ್ ಇರುವುದರಿಂದ ಆ ಫೈಲು ಬೇರೆಯವರ ಕೈಗೆ ಸಿಕ್ಕರೂ ತೊಂದರೆಯಿಲ್ಲ ತಾನೆ?
– ಓದುಗರು, ತುಮಕೂರು

ಉತ್ತರ: ತೊಂದರೆ ಇದೆ. ಇ-ಆಧಾರ್ ಪಾಸ್‌ವರ್ಡ್ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಹಿಂದೆ ಹುಟ್ಟಿದ ವರ್ಷ. ಹೆಸರು ಗೊತ್ತಿದ್ದವನು ಹೆಚ್ಚೆಂದರೆ ನೂರು ವರ್ಷಗಳನ್ನು ಹಾಕಿ ನೋಡಿದರೆ ಮುಗಿಯಿತು. ಹೆಸರೂ ಗೊತ್ತಿಲ್ಲ ಎಂದುಕೊಳ್ಳಿ. 26 ಅಕ್ಷರ ನಾಲ್ಕು ಸ್ಥಾನಗಳಲ್ಲಿ ಕೂತರೆ 4,56,976 ಜೋಡಣೆ, ಅದಕ್ಕೆ ನೂರು ವರ್ಷ ಗುಣಿಸಿದರೆ ಸುಮಾರು ನಾಲ್ಕೂವರೆ ಕೋಟಿ. ಕಂಪ್ಯೂಟರಿಗೆ ಇದು ದೊಡ್ಡ ಲೆಕ್ಕವಲ್ಲ. ಎಇಎಸ್ ಎಂಬ ಗೂಢಲಿಪಿ ವಿಧಾನದಲ್ಲಿ 128 ಬಿಟ್ ಕೀಲಿಯೊಂದಕ್ಕೇ ಇರುವ ಸಾಧ್ಯತೆಗಳನ್ನು ಬರೆಯಲು 39 ಅಂಕಿ ಬೇಕು. ಬಾಗಿಲಿಗೆ ಅಂಥ ಬೀಗ ಹಾಕಿದ್ದರೂ ಕೀಲಿಕೈ ಹೊಸಿಲ ಮೇಲೆಯೇ ಇದ್ದರೆ ಏನು ಬಂತು?

ಪ್ರಿಂಟ್ ಆದ ಕೂಡಲೇ ಫೈಲನ್ನು ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಿ, ಚಾಟ್‌ನಿಂದಲೂ ತೆಗೆಯಿರಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ತರಲು ಗಿರಾಕಿಗಳಿಗೆ ಹೇಳಿ.

ಗುಟ್ಟಿನ ಕಾಗದಪತ್ರ ಕಳಿಸಲೇಬೇಕಾದರೆ ಫೈಲುಗಳನ್ನು ಕಟ್ಟಿ ಬೀಗ ಹಾಕುವ 7-ಝಿಪ್ ಎಂಬ ತಂತ್ರಾಂಶ ಬಳಸಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಡ್ ಟು ಆರ್ಕೈವ್’ ಆರಿಸಿ, ಫಾರ್ಮ್ಯಾಟ್ 7ಝಡ್ ಇಟ್ಟು ಪಾಸ್‌ವರ್ಡ್ ಹಾಕಿ, ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ಗೆ ಟಿಕ್ ಮಾಡಿ. ಝಿಪ್ ಫಾರ್ಮ್ಯಾಟ್ ಆರಿಸಿದರೆ ಹಳೆಯ, ದುರ್ಬಲ ‘ಝಿಪ್‌ಕ್ರಿಪ್ಟೊ’ ತಾನಾಗಿ ಬಂದು ಕೂರುತ್ತದೆ. ಅದನ್ನು ಎಇಎಸ್-256ಕ್ಕೆ ಬದಲಿಸಬೇಕು, ಆಗಲೂ ಒಳಗಿನ ಫೈಲುಗಳ ಹೆಸರು ಹೊರಗೆ ಕಾಣುತ್ತದೆ. ಪಾಸ್‌ವರ್ಡಿಗೆ ಗಾದೆ, ಹಾಡಿನ ಸಾಲು ಬೇಡ. ಒಂದಕ್ಕೊಂದು ನಂಟಿಲ್ಲದ ಐದಾರು ಪದಗಳನ್ನು ನಿಘಂಟಿನಿಂದ ಕಣ್ಣುಮುಚ್ಚಿ ಆರಿಸಿ. ಅದನ್ನು ಫೈಲಿನ ಜೊತೆಗೇ ಕಳಿಸದೆ ಫೋನ್ ಮಾಡಿ ಹೇಳಿ. ಮರೆತರೆ ಮಾತ್ರ ಆ ಫೈಲನ್ನು ಯಾರೂ ತೆರೆದುಕೊಡಲಾರರು.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗಾಗಿ ಕನ್ನಡದ ವ್ಯಂಜನಗಳನ್ನು ಅದಲುಬದಲು ಮಾಡುವ ಗೂಢಲಿಪಿ ಕಟ್ಟಿದ್ದೇನೆ. ಗೆಳೆಯರು ಯಾರಿಗೂ ಬಿಡಿಸಲಾಗಲಿಲ್ಲ. ಆ್ಯಪ್‌ನಲ್ಲಿ ಬಳಸಬಹುದೇ?
– ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಕಟ್ಟಿ ನೋಡಿದ್ದು ಬಹಳ ಒಳ್ಳೆಯದು, ಕಲಿಯುವ ದಾರಿಯೇ ಅದು. ಆ್ಯಪ್‌ಗೆ ಮಾತ್ರ ಬೇಡ. ಯಾಕೆಂದು ನೋಡಿ. ವರ್ಣಮಾಲೆಯಲ್ಲಿ ಪ್ರತಿ ವ್ಯಂಜನವನ್ನು ಒಂದು ಮನೆ ಮುಂದೆ ಸರಿಸೋಣ: ಕ ಹೋಗಿ ಖ, ರ ಹೋಗಿ ಲ. ಆಗ ‘ತುಮಕೂರಿನಲ್ಲಿ’ ಎಂಬುದು ‘ಥುಯಖೂಲಿಪವ್ವಿ’ ಆಗುತ್ತದೆ, ‘ಕೋಲಾರದಲ್ಲಿ’ ಎಂಬುದು ‘ಖೋವಾಲಧವ್ವಿ’. ಎರಡರ ಬಾಲದಲ್ಲೂ ‘ವ್ವಿ’! ಕನ್ನಡ ಬಲ್ಲವರು ಅದು ‘ಲ್ಲಿ’ ಪ್ರತ್ಯಯವೆಂದು ಊಹಿಸಿಬಿಡುತ್ತಾರೆ. ‘ಗಳು’, ‘ಇಂದ’, ‘ಗೆ’ ಇವೂ ಹೀಗೇ ಸಿಕ್ಕಿಬೀಳುತ್ತವೆ. ಸಾಲಾಗಿ ಸರಿಸದೆ 34 ವ್ಯಂಜನಗಳನ್ನು ಮನಬಂದಂತೆ ಕಲೆಸಿದರೆ ಕೀಲಿಗಳ ಸಂಖ್ಯೆ ಎಣಿಕೆಗೆ ಸಿಗದಷ್ಟು ಬೆಳೆಯುತ್ತದೆ ನಿಜ. ಆದರೆ ಕೀಲಿ ಹುಡುಕುವ ಗೋಜಿಗೇ ಯಾರೂ ಹೋಗುವುದಿಲ್ಲ. ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಒಂದೆರಡು ಪುಟ ಬರಹ ಸಿಕ್ಕರೆ ಸಾಕು.

ವಿಧಾನವನ್ನು ಗುಟ್ಟಾಗಿಟ್ಟರೂ ಪ್ರಯೋಜನವಿಲ್ಲ. ವಿಧಾನ ಶತ್ರುವಿಗೆ ಗೊತ್ತಾದರೂ ಕೆಡಬಾರದು, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು ಎಂದು ಗೂಢಲಿಪಿ ತಜ್ಞ ಆಗಸ್ಟ್ ಕರ್ಕ್‌ಹಾಫ್ಸ್ 1883ರಲ್ಲೇ ಬರೆದರು. ಎಇಎಸ್‌ನ ವಿವರ 2001ರಿಂದ ಎಲ್ಲರ ಮುಂದೆ ತೆರೆದೇ ಇದೆ. ಜಗತ್ತಿನ ಪರಿಣತರು ಮುರಿಯಲು ನೋಡಿ ಸೋತಿದ್ದಾರೆ. ಆ ನಂಬಿಕೆ ನಾಲ್ಕು ಗೆಳೆಯರ ಪರೀಕ್ಷೆಯಿಂದ ಬರುವುದಲ್ಲ. ಆ್ಯಪ್‌ನಲ್ಲಿ ಎಇಎಸ್ ಬಳಸುವಾಗ ‘ಇಸಿಬಿ’ ಮೋಡ್ (ತುಣುಕುಗಳನ್ನು ಗೂಢಲಿಪಿಗೆ ತಿರುಗಿಸುವ ಒಂದು ಕ್ರಮ) ಬಿಟ್ಟು ‘ಜಿಸಿಎಂ’ ಆರಿಸಿ. ಇಸಿಬಿಯಲ್ಲಿ ಒಂದೇ ಬಗೆಯ 16 ಬೈಟ್ ತುಣುಕು ಎರಡು ಸಲ ಬಂದರೆ ಗೂಢಲಿಪಿಯೂ ಎರಡು ಸಲ ಒಂದೇ ಥರ ಬರುತ್ತದೆ, ನಿಮ್ಮ ‘ವ್ವಿ’ಯ ಹಾಗೆಯೇ. ಜಿಸಿಎಂನಲ್ಲಿ ಒಂದೇ ಕೀಲಿಗೆ ಒಂದೇ ನಾನ್ಸ್ (ಪ್ರತಿ ಸಂದೇಶಕ್ಕೂ ಹೊಸದಾಗಿರಬೇಕಾದ ಸಂಖ್ಯೆ) ಎರಡು ಸಲ ಬಳಸಿದರೆ ರಕ್ಷಣೆ ಕುಸಿಯುತ್ತದೆ, ಅದೊಂದು ಎಚ್ಚರವಿರಲಿ.

ಪ್ರಶ್ನೆ: ವೆಬ್‌ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಅದು ಅಸಲಿ ಎಂದರ್ಥವೇ?
– ಓದುಗರು, ಮಾಲೂರು

ಉತ್ತರ: ಅಲ್ಲ. ನಿಮಗೂ ಆ ಸೈಟಿಗೂ ನಡುವಿನ ದಾರಿ ಎನ್‌ಕ್ರಿಪ್ಟ್ ಆಗಿದೆ, ಅಂದರೆ ನಡುವೆ ಬೇರೆಯವರು ಓದಲಾಗದು ಎಂದಷ್ಟೇ ಅರ್ಥ. ಮೋಸದ ಸೈಟಿಗೂ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಬೀಗದ ಚಿತ್ರವನ್ನು ಬದಲಿಸಿತು.

ಪ್ರಶ್ನೆ: ನಮ್ಮ ರೇಷ್ಮೆ ರೀಲಿಂಗ್ ಘಟಕದ ಲೆಕ್ಕವೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತದೆ. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆಯಲ್ಲ, ಫೋನ್ ಕಳೆದರೂ ಚಿಂತೆಯಿಲ್ಲವೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಆ ಎನ್‌ಕ್ರಿಪ್ಷನ್ ಸಂದೇಶವನ್ನು ಕಾಯುವುದು ದಾರಿಯಲ್ಲಿ. ನಿಮ್ಮ ಫೋನಿನ ಪರದೆಯಲ್ಲಿ ಅದು ಬಿಡಿಸಿಟ್ಟ ಅಕ್ಷರವೇ. ಲಾಕ್ ತೆಗೆಯಬಲ್ಲವನು ಎಲ್ಲವನ್ನೂ ಓದುತ್ತಾನೆ. ಆದ್ದರಿಂದ ಫೋನಿಗೆ ಆರು ಅಂಕಿಯ ಪಿನ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ‘ಟೂ-ಸ್ಟೆಪ್ ವೆರಿಫಿಕೇಷನ್’ ಹಾಕಿ, ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್‌ಔಟ್ ಮಾಡಿ.

ಇನ್ನೊಂದು ಕಡೆಯೂ ಸೋರುತ್ತದೆ: ಬ್ಯಾಕಪ್. ನೀವಾಗಿ ಚಾಲೂ ಮಾಡದ ಹೊರತು ಕ್ಲೌಡ್‌ನಲ್ಲಿರುವ ಪ್ರತಿಗೆ ಈ ರಕ್ಷಣೆ ಇರುವುದಿಲ್ಲ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಹೀಗೆ ಹೋಗಿ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಆನ್ ಮಾಡಿ. ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಕೇಳುತ್ತದೆ. ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಫೋನೇ ಕಳೆದರೆ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟದ್ದೂ ಅದರ ಜೊತೆಗೇ ಹೋಗಿರುತ್ತದೆ.