ಐಸ್ ಮೇಲಿನ ಆಟ ಯಾರ ಸೊತ್ತು?

ಕ್ಯಾಲ್ಗರಿಯಿಂದ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು: "ಕೆನಡಾದ ಜೀವವೇ ಐಸ್ ಹಾಕಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಇದು ಬಿಳಿಯರ ಆಟ, ಅದರಲ್ಲೂ ದುಡ್ಡಿದ್ದವರ ಆಟ. ಟಿವಿಯವರೂ ಕಾಫಿ ಕಂಪನಿಯವರೂ ಸೇರಿ ಇದನ್ನು ದೇಶದ ಗುರುತು ಮಾಡಿದ್ದಾರೆ. ಮಗಳು ಸ್ಕೇಟ್ ಬೇಕು ಅಂತ ಹಟ ಹಿಡಿದಿದ್ದಾಳೆ. ನಮಗ್ಯಾಕಮ್ಮ ಅದೆಲ್ಲ ಅಂತ ನಾನು ಹೇಳುತ್ತಿದ್ದೇನೆ."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಸ್ವಾಮಿ. ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆಟ ದುಬಾರಿಯೇ. ಸ್ಕೇಟ್, ಹೆಲ್ಮೆಟ್, ಪ್ಯಾಡು, ಸ್ಟಿಕ್ಕು, ಅದರ ಮೇಲೆ ರಿಂಕಿನ, ಅಂದರೆ ಐಸ್ ಅಂಗಳದ, ಬಾಡಿಗೆ. ಬಾಗಿಲು ಎಲ್ಲರಿಗೂ ಒಂದೇ ಥರ ತೆರೆದಿರಲಿಲ್ಲ ಅನ್ನುವುದೂ ನಿಜ. ನೋವಾ ಸ್ಕೋಶಿಯಾದ ಕಪ್ಪು ಜನ 1895ರಲ್ಲೇ ಹ್ಯಾಲಿಫ್ಯಾಕ್ಸ್‌ನಲ್ಲಿ ತಮ್ಮದೇ ಲೀಗ್ ಕಟ್ಟಿಕೊಂಡಿದ್ದರು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಮೊದಲ ಕಪ್ಪು ಆಟಗಾರ ವಿಲ್ಲಿ ಓರೀ ಕಣಕ್ಕೆ ಇಳಿಯಲು 1958 ಬರಬೇಕಾಯಿತು. ಇಷ್ಟನ್ನು ಒಪ್ಪಿದೆ. ಇನ್ನು ನನ್ನ ಮಾತು ಸ್ವಲ್ಪ ಕೇಳಿ.

ಗುರುತನ್ನು ಯಾರೋ ಮಾಡಿಟ್ಟರು ಅಂತೀರಲ್ಲ, ಅದನ್ನು ಒಪ್ಪಲಾರೆ. ಮಾಂಟ್ರಿಯಲ್‌ನ ವಿಕ್ಟೋರಿಯಾ ರಿಂಕಿನಲ್ಲಿ, ಸೂರಿನಡಿ, ಎರಡು ತಂಡ ಕಟ್ಟಿಕೊಂಡು ಆಡಿದ್ದು 1875ರಲ್ಲಿ. ಇದು ಚಳಿಗಾಲದ ರಾಷ್ಟ್ರೀಯ ಕ್ರೀಡೆ ಅಂತ ಸರ್ಕಾರ ಕಾನೂನು ಮಾಡಿದ್ದು 1994ರಲ್ಲಿ. ನೂರಾ ಹತ್ತೊಂಬತ್ತು ವರ್ಷ ಜನ ಕಾನೂನಿಗೆ ಕಾಯದೆ ಆಡಿಕೊಂಡೇ ಬಂದರು. ನೀವು ಹೇಳುವ ಕಾಫಿ ಕಂಪನಿ ಟಿಮ್ ಹಾರ್ಟನ್ಸ್ ಇರಬೇಕು. 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಅದು ಶುರುವಾದದ್ದೇ ಒಬ್ಬ ಹಾಕಿ ಆಟಗಾರನ ಹೆಸರಿನಲ್ಲಿ. ಆಟದ ಬೆನ್ನು ಹತ್ತಿ ಕಾಫಿ ಬಂತು, ಕಾಫಿಯಿಂದ ಆಟ ಬರಲಿಲ್ಲ.

ಒಂದು ಜನವರಿಯಲ್ಲಿ ನಾನು ಟೊರಾಂಟೊ ಹೊರವಲಯದ ನೆಂಟರ ಮನೆಯಲ್ಲಿದ್ದೆ. ರಾತ್ರಿ ಹನ್ನೊಂದು ಗಂಟೆ. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯಾತ ಹಿತ್ತಲಲ್ಲಿ ಪೈಪ್ ಹಿಡಿದು ನಿಂತಿದ್ದಾನೆ. ಆ ಚಳಿಯಲ್ಲಿ ಗಿಡಕ್ಕೆ ನೀರು ಬಿಡುತ್ತಾನಾ ಅಂದುಕೊಂಡೆ. ರಿಂಕ್ ಮಾಡ್ತಿದ್ದಾರೆ ಅಂದರು ನೆಂಟರು. ನೀರನ್ನು ಒಮ್ಮೆಲೇ ಸುರಿಯುವ ಹಾಗಿಲ್ಲವಂತೆ. ತೆಳ್ಳಗೆ ಒಂದು ಪದರ, ಅದು ಗಟ್ಟಿಯಾಗುವವರೆಗೆ ಕಾಯುವುದು, ಆಮೇಲೆ ಇನ್ನೊಂದು. ನಮ್ಮ ಅಜ್ಜಿ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದ ಹಾಗೆ, ಮೂಲೆ ಮೂಲೆ ನೋಡಿಕೊಂಡು ಮಾಡುತ್ತಿದ್ದ. ಐದು ರಾತ್ರಿ ನಡೆಯಿತು ಈ ಕೆಲಸ. ಆರನೆಯ ಬೆಳಿಗ್ಗೆ ಅವನ ಇಬ್ಬರು ಮಕ್ಕಳು, ಬೀದಿಯ ಇನ್ನೂ ನಾಲ್ಕು ಮಕ್ಕಳು ಅದರ ಮೇಲೆ ಕಿರುಚಾಡುತ್ತಿದ್ದರು. ಆತನಿಗೆ ಯಾವ ಟಿವಿಯವರು ದುಡ್ಡು ಕೊಟ್ಟಿದ್ದರು ಹೇಳಿ? ಐಸ್ ಇಲ್ಲದ ದಿನ ಅದೇ ಮಕ್ಕಳು ಟೆನಿಸ್ ಬಾಲ್ ಹಿಡಿದು ಬೀದಿಗೆ ಬರುತ್ತಾರೆ. ಯಾರೋ "ಕಾರ್!" ಅಂತ ಕೂಗಿದ ಕೂಡಲೇ ಗೋಲಿನ ಬಲೆ ಎತ್ತಿ ಪಕ್ಕಕ್ಕಿಡುತ್ತಾರೆ. ಕಾರು ಹೋಗುತ್ತದೆ, ಬಲೆ ಮತ್ತೆ ಬರುತ್ತದೆ.

1972ರ ಸೆಪ್ಟೆಂಬರ್ ಬಗ್ಗೆ ನಿಮ್ಮ ಆಫೀಸಿನ ಯಾವುದಾದರೂ ಹಿರಿಯರನ್ನು ಕೇಳಿ ನೋಡಿ. ಸೋವಿಯತ್ ತಂಡದ ಜೊತೆ ಎಂಟು ಪಂದ್ಯ. ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲೇ ಕೆನಡಾಕ್ಕೆ 7–3 ಸೋಲು. ಕೊನೆಗೆ ಮಾಸ್ಕೋದಲ್ಲಿ, ಆಟ ಮುಗಿಯಲು 34 ಸೆಕೆಂಡ್ ಇದ್ದಾಗ ಕೆನಡಾದ ಪಾಲ್ ಹೆಂಡರ್ಸನ್ ಹೊಡೆದ ಗೆಲುವಿನ ಗೋಲು. ಆ ಹೊತ್ತಿಗೆ ತಾವೆಲ್ಲಿದ್ದೆವು ಅಂತ ಆ ತಲೆಮಾರಿನವರು ಇವತ್ತಿಗೂ ಹೇಳುತ್ತಾರೆ. 2025ರ ಫೆಬ್ರವರಿಯಲ್ಲೂ ಅಷ್ಟೇ. ಕೆನಡಾ ನಮ್ಮ 51ನೇ ರಾಜ್ಯ ಆಗಲಿ ಅಂತ ಅಮೆರಿಕದ ಅಧ್ಯಕ್ಷರು ಹೇಳುತ್ತಿದ್ದ ದಿನಗಳು. ನಾಲ್ಕು ದೇಶಗಳ ಹಾಕಿ ಟೂರ್ನಿಯ ಬಾಸ್ಟನ್‌ನ ಫೈನಲ್‌ನಲ್ಲಿ ಕೆನಡಾ ಅಮೆರಿಕವನ್ನು 3–2ರಿಂದ ಸೋಲಿಸಿತು. ನೀವು ಆ ರಾತ್ರಿ ಟಿವಿ ಹಾಕಲಿಲ್ಲವಾ? ಪಕ್ಕದ ಮನೆಯ ಕೂಗಾದರೂ ಕೇಳಿಸಿರಬೇಕಲ್ಲ.

ಗೆಲುವಿನ ಮಾತು ಬಿಡಿ. 2018ರ ಏಪ್ರಿಲ್ 6ರಂದು ಸಸ್ಕ್ಯಾಚೆವಾನ್‌ನಲ್ಲಿ ಹಂಬೋಲ್ಟ್ ಊರಿನ ಹುಡುಗರ ತಂಡದ ಬಸ್ಸಿಗೆ ಅಪಘಾತವಾಗಿ 16 ಜನ ತೀರಿಕೊಂಡರು. ಮುಂದಿನ ದಿನಗಳಲ್ಲಿ ದೇಶದ ಉದ್ದಗಲಕ್ಕೂ ಜನ ಮನೆ ಬಾಗಿಲಲ್ಲಿ ಒಂದು ಹಾಕಿ ಸ್ಟಿಕ್ ಒರಗಿಸಿಟ್ಟು, ಹೊರಗಿನ ದೀಪ ಹಾಕಿಟ್ಟರು. ಆ ಹುಡುಗರಿಗೆ ಬೇಕಾದೀತು ಅಂತ. ನಮ್ಮಲ್ಲಿ ಸಾವಾದ ಮನೆಯಲ್ಲಿ ದೀಪ ಹಚ್ಚಿಡುವುದಿಲ್ಲವೇ? ಆ ಫೋಟೋಗಳನ್ನು ನೋಡಿದಾಗ ನನ್ನ ಕಣ್ಣು ತುಂಬಿತ್ತು. ಸುಮ್ನೆ ಜಾಹೀರಾತಿನ ಆಟಕ್ಕೆ ಹೀಗಾಗುವುದಿಲ್ಲ.

ಬಿಳಿಯರ ಆಟ ಅಂದಿರಿ. ಬ್ರಿಟಿಷ್ ಕೊಲಂಬಿಯಾದ ಡಂಕನ್ ಊರಿನ ರಾಬಿನ್ ಬಾವಾ ಅನ್ನುವ ಪಂಜಾಬಿ ಹುಡುಗ 1989ರಲ್ಲೇ ಎನ್‌ಎಚ್‌ಎಲ್‌ನಲ್ಲಿ ಆಡಿದ. ನಿಮ್ಮ ಕ್ಯಾಲ್ಗರಿಯಿಂದ ಎರಡು ಗಂಟೆ ದಾರಿಯ ಬ್ರೂಕ್ಸ್ ಅನ್ನುವ ಸಣ್ಣ ಊರಿನವರು ಹರ್ನಾರಾಯಣ್ ಸಿಂಗ್. 2008ರಲ್ಲಿ ಪಂಜಾಬಿಯಲ್ಲಿ ಶುರುವಾದ ಹಾಕಿ ಕಾಮೆಂಟರಿಯ ದನಿ ಅವರದು. ಮೊದಮೊದಲು ಅವರು ಪ್ರತಿ ವಾರ ಕ್ಯಾಲ್ಗರಿಯಿಂದ ಟೊರಾಂಟೊಗೆ ಸ್ವಂತ ಖರ್ಚಿನಲ್ಲಿ ವಿಮಾನ ಹತ್ತುತ್ತಿದ್ದರು. ಸ್ಟಿಕ್ ಬೀಸಿ ಜೋರಾಗಿ ಹೊಡೆಯುವ ಸ್ಲ್ಯಾಪ್ ಶಾಟ್‌ಗೆ ಅವರು ಕೊಟ್ಟ ಹೆಸರು ಚಪೇಡ್ ಶಾಟ್, ಅಂದರೆ ಕಪಾಳಕ್ಕೆ ಬಾರಿಸಿದ ಹಾಗೆ. ಚೆಂಡಿನ ಬದಲು ಆಡುವ ಬಿಲ್ಲೆ ಪಕ್‌ಗೆ ಟಿಕ್ಕಿ, ನಾವು ತಿನ್ನುವ ಆಲೂ ಟಿಕ್ಕಿ. ಎನ್‌ಎಚ್‌ಎಲ್‌ನ 2016ರ ಫೈನಲ್‌ನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ತಂಡದ ಆಟಗಾರ ಬೊನೀನೊ ಗೋಲು ಹೊಡೆದಾಗ ಅವರು ಆ ಹೆಸರನ್ನೇ ಮತ್ತೆ ಮತ್ತೆ ಕೂಗಿದರು. ಆ ಕೂಗು ಎಷ್ಟು ಹರಡಿತೆಂದರೆ ಪಿಟ್ಸ್‌ಬರ್ಗ್‌ನವರು ಗೆಲುವಿನ ಸಂಭ್ರಮಕ್ಕೆ ಈ ಪಂಜಾಬಿ ಕಾಮೆಂಟರಿ ತಂಡವನ್ನೇ ಕರೆಸಿಕೊಂಡರು. ಟಿವಿ ಮುಂದೆ ಅಜ್ಜ, ಅಜ್ಜಿ, ಮೊಮ್ಮಗ ಒಟ್ಟಿಗೆ ಕೂತು ನೋಡುವಂತಾಯಿತು. ಅಜ್ಜಿಗೆ ಇಂಗ್ಲಿಷ್ ಬೇಕಾಗಲಿಲ್ಲ, ಮೊಮ್ಮಗ ಪಂಜಾಬಿ ಮರೆಯಲಿಲ್ಲ.

ಮಾಂಟ್ರಿಯಲ್‌ನ ಫ್ರೆಂಚರೂ ಇದೇ ದಾರಿಯಲ್ಲಿ ಆಟವನ್ನು ತಮ್ಮದು ಮಾಡಿಕೊಂಡವರು. 1955ರ ಮಾರ್ಚ್‌ನಲ್ಲಿ ಅವರ ಕಣ್ಮಣಿ ಮೋರಿಸ್ ರಿಶಾರ್ ಅವರನ್ನು ಇಂಗ್ಲಿಷ್ ಮಾತಿನ ಲೀಗ್ ಅಧ್ಯಕ್ಷರು ಹೊರಗಿಟ್ಟಾಗ ಊರಿಗೆ ಊರೇ ಬೀದಿಗಿಳಿದು ಗಲಭೆಯಾಯಿತು. ಗಲಭೆಯನ್ನು ನಾನು ಹೊಗಳುವುದಿಲ್ಲ. ಆದರೆ ಆ ಆಟಗಾರನಲ್ಲಿ ಅವರು ಕಂಡದ್ದು ತಮ್ಮ ನುಡಿಯನ್ನು, ತಮಗಾದ ಅವಮಾನವನ್ನು.

ನಾವೇನು ಮಾಡುತ್ತೇವೆ? ಹೊರದೇಶದಲ್ಲಿ ಹತ್ತಾರು ವರ್ಷ ಇದ್ದೂ ರಿಂಕಿನ ಅಂಚಿನಲ್ಲಿ ಕೈ ಕಟ್ಟಿ ನಿಂತು "ಇದು ಅವರದು" ಅನ್ನುತ್ತೇವೆ. ಆ ಕಡೆ "ನಮ್ಮದು" ಅನ್ನುವ ಕನ್ನಡವನ್ನಾದರೂ ಇಟ್ಟುಕೊಂಡೆವಾ? ನವೆಂಬರ್‌ನಲ್ಲಿ ಒಂದು ದಿನ ಮಗುವಿಗೆ ಪಂಚೆ ಉಡಿಸಿ ಹಾಡು ಹೇಳಿಸಿ, ವಾಪಸ್ ಬರುವಾಗ ಕಾರಿನಲ್ಲಿ ಇಂಗ್ಲಿಷ್. ಬೆಂಗಳೂರಿನ ನಮ್ಮ ಮನೆಗಳಲ್ಲೂ ಇದೇ ಕಥೆ, ನಿಮಗೊಬ್ಬರಿಗೇ ಬೈಯುತ್ತಿಲ್ಲ. ಕನ್ನಡ ಹಬ್ಬದ ದಿನದ ಬಟ್ಟೆ ಆಗಿಬಿಟ್ಟಿದೆ. ಅದಕ್ಕೆ ಬೆವರಿನ ವಾಸನೆ ಹತ್ತಬೇಕು. ಮಕ್ಕಳು ಅದರಲ್ಲಿ ಆಡಬೇಕು, ಜಗಳ ಆಡಬೇಕು, ಗೋಲು ಹೊಡೆದಾಗ ಕೂಗಬೇಕು.

ಮಗಳಿಗೆ ಸ್ಕೇಟ್ ಕೊಡಿಸಿ. ಬಳಸಿದ ಜೋಡಿಯೇ ಸಾಕು, ಮಕ್ಕಳ ಕಾಲು ಹೇಗೂ ಬೇಗ ಬೆಳೆಯುತ್ತದೆ. ಆ ಪಕ್ ಇದೆಯಲ್ಲ, ಮೂರು ಇಂಚು ಅಗಲ, ಒಂದು ಇಂಚು ದಪ್ಪ, ಕಪ್ಪಗೆ, ದುಂಡಗೆ. ಅದಕ್ಕೆ ನಿಮ್ಮ ಮನೆಯಲ್ಲಿ ಏನು ಹೆಸರಿಡಬೇಕು ಅಂತ ಅವಳನ್ನೇ ಕೇಳಿ. ನನ್ನ ಓಟು ವಡೆಗೆ. ಅವಳು ಮೊದಲ ಗೋಲು ಹೊಡೆದ ದಿನ ಏನಂತ ಕೂಗಿದಿರಿ ಅಂತ ಬರೆದು ಕಳಿಸಿ. ಇದೇ ಪುಟದಲ್ಲಿ ಹಾಕುತ್ತೇನೆ.