ಮಾಂಸ ಬಿಡಿಸುವ ಮೊದಲು ಪರೋಟ ಬಿಡಿಸಿ

ವಿಜಯಪುರದ ಅಕ್ಕಾವರೆ,

ಕೊಚ್ಚಿಯಲ್ಲಿ ಕೆಲಸಕ್ಕಿರುವ ಮಗ ವಾರಕ್ಕೆ ನಾಲ್ಕು ರಾತ್ರಿ ಪರೋಟ, ಬೀಫ್ ಫ್ರೈ ತಿನ್ನುತ್ತಾನೆ, ಈಗ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ ಎಂದು ಬರೆದಿದ್ದೀರಿ. ‘ಅದು ಬಹಳ ಉಷ್ಣವಂತೆ, ಪೂರ್ತಿ ಬಿಡಿಸಲೇನು?’ ಎಂದು ಕೇಳಿದ್ದೀರಿ.

ಪೂರ್ತಿ ಬಿಡಿಸಿ ಎಂದು ನಾನು ಹೇಳುವುದಿಲ್ಲ. ಕೊಬ್ಬು ತೆಗೆದು ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಸುಮಾರು 26 ಗ್ರಾಂ ಪ್ರೋಟೀನ್ ಇರುತ್ತದೆ. ಬಿ12, ಸತು, ಕಬ್ಬಿಣವೂ ಸಿಗುತ್ತವೆ. ಕಾಳು, ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ. ಕೇರಳದಲ್ಲಿ ಬೀಫ್ ಎಂದು ಬಡಿಸುವುದು ಎಷ್ಟೋ ಕಡೆ ಎಮ್ಮೆ, ಕೋಣದ ಮಾಂಸ. ಅದರಲ್ಲಿ ಕೊಬ್ಬು ಇನ್ನೂ ಕಡಿಮೆ.

ಆದರೆ ಅದನ್ನು ಮಾಡುವ ರೀತಿ ನೋಡಿ. ಮೆಣಸು, ಕೊತ್ತಂಬರಿ, ಸೋಂಪಿನಲ್ಲಿ ಬೇಯಿಸಿದ ಮಾಂಸವನ್ನು ಸಣ್ಣ ಈರುಳ್ಳಿ, ಕರಿಬೇವು, ತೆಂಗಿನ ಚೂರಿನ ಜೊತೆ ಕೊಬ್ಬರಿ ಎಣ್ಣೆಯಲ್ಲಿ ಕಪ್ಪಗಾಗುವವರೆಗೆ ಹುರಿಯುತ್ತಾರೆ. ರುಚಿಯೆಲ್ಲ ಅಲ್ಲೇ ಇದೆ, ಒಪ್ಪುತ್ತೇನೆ. ಕೊಬ್ಬರಿ ಎಣ್ಣೆಯಲ್ಲಿ ಮಾತ್ರ ನೂರಕ್ಕೆ 80ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಇಂಥ ಕೊಬ್ಬೇ. ಮೇಲೆ ಮೈದಾ ಪರೋಟ. ಅದರಲ್ಲಿ ನಾರು ಇಲ್ಲದಷ್ಟು ಕಡಿಮೆ, ಎಣ್ಣೆ ಬೇಕಾದಷ್ಟು. ಸುಮ್ನೆ ಮಾಂಸವೊಂದನ್ನೇ ಬೈದರೆ ಏನು ಬಂತು?

ಉಷ್ಣದ ಮಾತು ಬಿಡಿ. ಖಾರ, ಎಣ್ಣೆ ಹೆಚ್ಚಾದರೆ ಬದನೆಕಾಯಿ ಪಲ್ಯ ತಿಂದರೂ ಎದೆ ಉರಿಯುತ್ತದೆ.

ನನಗೆ ಹೆಚ್ಚು ಚಿಂತೆ ತಂದದ್ದು ನಾಲ್ಕು ರಾತ್ರಿಯ ಲೆಕ್ಕ. ಕೆಂಪು ಮಾಂಸ ಬೆಂದ ಮೇಲಿನ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ದಾಟದಿರಲಿ ಎಂದು ಕ್ಯಾನ್ಸರ್ ತಜ್ಞರು ಹೇಳುತ್ತಾರೆ. ನಿಮ್ಮ ಮನೆಯ ಭಾನುವಾರದ ಮಟನ್ನೂ ಕೆಂಪು ಮಾಂಸವೇ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕೆಂಪು ಮಾಂಸವನ್ನು ಕ್ಯಾನ್ಸರ್ ತರುವ ಸಂಭವವಿರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಮುಖ್ಯವಾಗಿ ದೊಡ್ಡ ಕರುಳಿನ ಕ್ಯಾನ್ಸರ್. ಒಂದೊಂದು ಸಲಕ್ಕೆ 150 ಗ್ರಾಂ ಹಿಡಿದರೂ ನಾಲ್ಕು ರಾತ್ರಿಗೆ 600 ಆಯಿತು, ಅಲ್ವಾ? ಎರಡು ರಾತ್ರಿಗೆ ಇಳಿಸಲಿ. ಉಳಿದ ದಿನ ಮೀನು, ಕಡಲೆ ಕರಿ ತಿನ್ನಲಿ. ಎರಡೂ ಅಲ್ಲಿ ಧಾರಾಳ ಸಿಗುತ್ತವೆ.

ಅವನು ಊರಿಗೆ ಬಂದಾಗ ಖಡಕ್ ರೊಟ್ಟಿ ಕಟ್ಟಿ ಕಳಿಸಿ. ವಾರಗಟ್ಟಲೆ ಕೆಡುವುದಿಲ್ಲ, ಜೋಳದಲ್ಲಿ ನಾರೂ ಇದೆ. ಫ್ರೈ ಜೊತೆ ಅದನ್ನೇ ಮುರಿದು ತಿನ್ನಲಿ, ಪಕ್ಕಕ್ಕೆ ಹಸಿ ಸೌತೆಕಾಯಿ, ಉಳ್ಳಾಗಡ್ಡಿ ಇರಲಿ. ಕೆಲವರಿಗೆ ಕೊಲೆಸ್ಟ್ರಾಲ್ ವಂಶದಿಂದಲೂ ಬರುತ್ತದೆ. ಹಾಗಾಗಿ ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಲಿ. ಇಳಿಯದೆ ಡಾಕ್ಟರು ಮಾತ್ರೆ ಬರೆದುಕೊಟ್ಟರೆ, ‘ಇಷ್ಟು ಸಣ್ಣ ವಯಸ್ಸಿಗೆ ಯಾಕೆ’ ಎಂದು ತಡೆಯಬೇಡಿ.

– ಸಂಪಾದಕ